ಗೌರಿಬಿದನೂರಿನ ಆಂಟೆನಾಗಳು ಮತ್ತು ಗೆಲಾಕ್ಸಿ ಗುಚ್ಛಗಳ ಕಾಂತಕ್ಷೇತ್ರ

ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕ ಗೆಲಾಕ್ಸಿಗಳು ತಮ್ಮ ಒಟ್ಟು ಗುರುತ್ವದಿಂದ ಒಂದನ್ನೊಂದು ಹಿಡಿದಿಟ್ಟುಕೊಂಡಿರುವ ಕೂಟವೇ ಗೆಲಾಕ್ಸಿ ಗುಚ್ಛ. ಗುರುತ್ವ ಕಟ್ಟಿ ನಿಲ್ಲಿಸಿದ ರಚನೆಗಳಲ್ಲಿ ಇದಕ್ಕಿಂತ ದೊಡ್ಡದು ವಿಶ್ವದಲ್ಲಿಲ್ಲ. ಕಣ್ಣಿಗೆ ಕಾಣುವ ಗೆಲಾಕ್ಸಿಗಳು ಇದರ ದ್ರವ್ಯರಾಶಿಯಲ್ಲಿ ನೂರಕ್ಕೆ ಕೆಲವೇ ಪಾಲು. ಹೆಚ್ಚಿನ ಪಾಲು ಬೆಳಕು ಬೀರದ ಕಪ್ಪುದ್ರವ್ಯ. ಉಳಿದದ್ದು ಗೆಲಾಕ್ಸಿಗಳ ನಡುವಿನ ಬಯಲನ್ನೆಲ್ಲ ತುಂಬಿರುವ ಅನಿಲ. ಅದರ ತಾಪ ಒಂದು ಕೋಟಿಯಿಂದ ಹತ್ತು ಕೋಟಿ ಡಿಗ್ರಿ. ಅದು ಎಷ್ಟು ತೆಳುವೆಂದರೆ ಒಂದು ಲೀಟರಿನಷ್ಟು ಜಾಗದಲ್ಲಿ ಸಿಗುವುದು ಒಂದೋ ಕೆಲವೋ ಕಣಗಳು. ಇಂಥ ಅನಿಲದ ಉದ್ದಗಲಕ್ಕೂ ಕಾಂತಕ್ಷೇತ್ರ ಹರಡಿದೆ. ಅದರ ಬಲ ಕೆಲವು ಮೈಕ್ರೊಗೌಸ್, ಅಂದರೆ ಒಂದು ಗೌಸಿನ ಹತ್ತು ಲಕ್ಷದಲ್ಲಿ ಕೆಲವು ಪಾಲು. ಕರ್ನಾಟಕದಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಕಾಂತಕ್ಷೇತ್ರ ಸುಮಾರು 0.4 ಗೌಸ್ ಇದೆ. ಗುಚ್ಛದ ಕ್ಷೇತ್ರ ಅದಕ್ಕಿಂತ ಲಕ್ಷ ಪಟ್ಟು ದುರ್ಬಲ. ಆದರೂ ಅದು 30 ಲಕ್ಷ ಜ್ಯೋತಿರ್ವರ್ಷಗಳಾಚೆಗೂ ವ್ಯಾಪಿಸಿರುವುದರಿಂದ ಅದರೊಳಗೆ ಅಡಗಿರುವ ಒಟ್ಟು ಶಕ್ತಿ ಅಗಾಧ. ಈ ಕ್ಷೇತ್ರ ಎಲ್ಲಿಂದ ಬಂತು? ವಿಜ್ಞಾನ ಇದರ ಉತ್ತರವನ್ನು ಆರು ದಶಕಗಳಿಂದ ಹುಡುಕುತ್ತಿದೆ, ಆ ಹುಡುಕಾಟದಲ್ಲಿ ಕರ್ನಾಟಕದ ಒಂದು ಬಯಲಿಗೂ ಪಾಲಿದೆ.

ಭೂಮಿಯ ಕಾಂತಕ್ಷೇತ್ರದ ಸಮಸ್ಯೆಯೇ ಬೇರೆ. ಅದನ್ನು ತಿಳಿಯಲು ಬೀದರ್ ಜಿಲ್ಲೆಯ ನೆಲವೇ ಸಾಕು. ಹುಮನಾಬಾದ್, ಬಸವಕಲ್ಯಾಣ, ನಿರ್ಣಾ ಸುತ್ತಿನ ಎರೆಮಣ್ಣು ಮತ್ತು ಜಂಬಿಟ್ಟಿಗೆಯ ಅಡಿಯಲ್ಲಿರುವುದು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ ತಣಿಯುವಾಗ, ಅದರೊಳಗಿನ ಕಬ್ಬಿಣದ ಖನಿಜಗಳು ಆಗಿನ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದು ಗಟ್ಟಿಯಾದವು. 1950ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ದಖ್ಖನ್ ಶಿಲೆಗಳ ಈ ಕಾಂತೀಯ ನೆನಪನ್ನು ಅಳೆದರು. ಅನಂತರ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಅದನ್ನು ಮುಂದುವರಿಸಿದರು. ಭಾರತ ಆಗ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು ಎಂಬುದು ಈ ಕಲ್ಲುಗಳಿಂದ ಸಿದ್ಧವಾಯಿತು. ಲಾವಾದ ಬಹುಭಾಗ ಹರಿದ ಕಾಲದಲ್ಲಿ ಭೂಮಿಯ ಉತ್ತರ-ದಕ್ಷಿಣ ಕಾಂತಧ್ರುವಗಳು ಈಗಿನದಕ್ಕೆ ತಿರುವುಮುರುವಾಗಿದ್ದವು ಎಂಬುದೂ ಅವುಗಳಿಂದಲೇ ತಿಳಿಯಿತು. ಭೂಗರ್ಭದ ದ್ರವ ಕಬ್ಬಿಣದಲ್ಲಿ ಹರಿಯುವ ವಿದ್ಯುತ್ತಿಗೆ ಪೋಷಣೆ ನಿಂತರೆ ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಭೂಕಾಂತಕ್ಷೇತ್ರ ಕರಗಿಹೋಗಬೇಕು. 6.6 ಕೋಟಿ ವರ್ಷ ಹಳೆಯ ಕಲ್ಲಿನಲ್ಲೂ ಅದರ ಗುರುತಿದೆ, ಇಂದಿಗೂ ಕ್ಷೇತ್ರ ಇದೆ ಎಂದಮೇಲೆ ಭೂಮಿಯ ಒಡಲಲ್ಲಿ ಅದನ್ನು ಸದಾ ಹೊಸದಾಗಿ ಹುಟ್ಟಿಸುವ ಡೈನಮೋ ಇದೆ ಎಂದಾಯಿತು.

ಗೆಲಾಕ್ಸಿ ಗುಚ್ಛದಲ್ಲಿ ಲೆಕ್ಕ ತಲೆಕೆಳಗು. ಅಲ್ಲಿನ ಅನಿಲ ವಿದ್ಯುತ್ತನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತದೆಂದರೆ, ಒಮ್ಮೆ ನೆಲೆಯಾದ ಕಾಂತಕ್ಷೇತ್ರ ಬರಿಯ ವಿದ್ಯುತ್ ರೋಧದಿಂದ ಅಳಿಯಲು ವಿಶ್ವದ ಈವರೆಗಿನ ಆಯುಷ್ಯವೂ ಸಾಲದು. ಹಾಗಾಗಿ ಭೂಮಿಯ ವಿಷಯದಲ್ಲಿ ಕ್ಷೇತ್ರ ಉಳಿದದ್ದು ಹೇಗೆಂಬುದು ಪ್ರಶ್ನೆಯಾದರೆ, ಗುಚ್ಛಗಳ ವಿಷಯದಲ್ಲಿ ಅದು ಮೊದಲಾದದ್ದು ಹೇಗೆಂಬುದೇ ಮುಖ್ಯ ಪ್ರಶ್ನೆ. ಅಲ್ಲಿ ಲಾವಾದಂತೆ ತಣಿದು, ಹುಟ್ಟಿದ ಗಳಿಗೆಯ ದಿಕ್ಕನ್ನು ಕಾದಿಟ್ಟ ಯಾವ ಶಿಲೆಯೂ ಇಲ್ಲ. ಸಾಕ್ಷಿಯಾಗಿ ಸಿಗುವುದು ರೇಡಿಯೋ ಅಲೆಗಳು ಮಾತ್ರ.

ಆ ಸಾಕ್ಷಿ ಮೊದಲು ಸಿಕ್ಕಿದ್ದು ಕೋಮಾ ಗುಚ್ಛದಲ್ಲಿ. ಭೂಮಿಯಿಂದ ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದ ಈ ಗುಚ್ಛದಲ್ಲಿ ಸಾವಿರಕ್ಕಿಂತ ಹೆಚ್ಚು ಗೆಲಾಕ್ಸಿಗಳಿವೆ. 1933ರಲ್ಲಿ ಫ್ರಿಟ್ಜ್ ಜ್ವಿಕಿ ಕಪ್ಪುದ್ರವ್ಯದ ಸುಳಿವು ಕಂಡದ್ದೂ ಇದರಲ್ಲೇ. 1959ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕಿನ 250 ಅಡಿ ದೂರದರ್ಶಕದಿಂದ ಲಾರ್ಜ್, ಮ್ಯಾಥ್ಯೂಸನ್, ಹ್ಯಾಸ್ಲಮ್ ಎಂಬ ಮೂವರು ಕೋಮಾದ ನಡುವೆ ಹರಡಿಕೊಂಡ ರೇಡಿಯೋ ಹೊಳಪನ್ನು ಕಂಡರು. ಯಾವ ಒಂದು ಗೆಲಾಕ್ಸಿಗೂ ಸೇರದೆ ಗುಚ್ಛದ ಬಯಲಿಗೇ ಸೇರಿದ ಹೊಳಪು ಅದು ಎಂಬುದನ್ನು 1970ರಲ್ಲಿ ಕೇಂಬ್ರಿಜಿನ ವಿಲ್ಸನ್ ಖಚಿತಪಡಿಸಿದರು. ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಓಡುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದ ರೇಖೆಗಳನ್ನು ಸುತ್ತಿಕೊಂಡು ತಿರುಗುವಾಗ ಇಂಥ ಅಲೆಗಳನ್ನು ಹೊಮ್ಮಿಸುತ್ತವೆ. 1947ರಲ್ಲಿ ಅಮೆರಿಕದ ಸಿಂಕ್ರೊಟ್ರಾನ್ ಯಂತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದ ಕಾರಣ ಇದಕ್ಕೆ ಸಿಂಕ್ರೊಟ್ರಾನ್ ವಿಕಿರಣವೆಂದೇ ಹೆಸರು. ಕಾಂತಕ್ಷೇತ್ರ ಇಲ್ಲದೆ ಈ ವಿಕಿರಣ ಇಲ್ಲ. ಹಾಗಾಗಿ ಆ ಹೊಳಪೇ ಗೆಲಾಕ್ಸಿಗಳ ನಡುವಿನ ಬಯಲಿನಲ್ಲೂ ಕಾಂತತ್ವ ಇದೆಯೆಂಬುದಕ್ಕೆ ಪ್ರಮಾಣವಾಯಿತು.

ಕರ್ನಾಟಕ ಈ ಕಥೆಯೊಳಗೆ ಬರುವುದು 1970ರ ದಶಕದಲ್ಲಿ. ಅದಕ್ಕೆ ಎರಡು ಸಂಸ್ಥೆಗಳ ಹಿನ್ನೆಲೆಯಿದೆ. ಒಂದು, 1899ರಲ್ಲಿ ಶುರುವಾದ ಕೊಡೈಕನಾಲ್ ವೀಕ್ಷಣಾಲಯ. 1908ರಲ್ಲಿ ಅಮೆರಿಕದ ಹೇಲ್ ಸೂರ್ಯಕಲೆಗಳಲ್ಲಿ ಕಾಂತಕ್ಷೇತ್ರ ಕಂಡುಹಿಡಿದರು. ಭೂಮಿಯ ಆಚೆ ಕಾಂತತ್ವ ಸಿಕ್ಕಿದ್ದು ಅದೇ ಮೊದಲು. ಮರುವರ್ಷವೇ ಕೊಡೈಕನಾಲಿನಲ್ಲಿ ಜಾನ್ ಎವರ್‌ಶೆಡ್ ಸೂರ್ಯಕಲೆಗಳಿಂದ ಹೊರಮುಖವಾಗಿ ಹರಿಯುವ ಅನಿಲವನ್ನು ಗುರುತಿಸಿದರು. ಈ ಪರಂಪರೆಯನ್ನು ವೇಣು ಬಾಪು 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ ಕಟ್ಟಿದರು, ಅದರ ಕೇಂದ್ರ ಬೆಂಗಳೂರಿಗೆ ಬಂತು. ಇನ್ನೊಂದು, ಸಿ. ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆ. ರಾಮನ್ ತೀರಿಕೊಂಡ ಮೇಲೆ 1972ರಲ್ಲಿ ಅವರ ಮಗ ವಿ. ರಾಧಾಕೃಷ್ಣನ್ ಅದರ ನಿರ್ದೇಶಕರಾದರು. ರಾಧಾಕೃಷ್ಣನ್ ಅದಾಗಲೇ ಕಾಂತಕ್ಷೇತ್ರಗಳನ್ನು ರೇಡಿಯೋ ಅಲೆಗಳಿಂದ ಓದುವುದರಲ್ಲಿ ಪಳಗಿದ್ದವರು. 1960ರಲ್ಲಿ ಕ್ಯಾಲಿಫೋರ್ನಿಯದಲ್ಲಿ ರಾಬರ್ಟ್ಸ್ ಜೊತೆಗೂಡಿ ಗುರುಗ್ರಹದ ರೇಡಿಯೋ ಅಲೆಗಳು ಧ್ರುವೀಕರಣ ಹೊಂದಿರುವುದನ್ನು, ಅಂದರೆ ಒಂದು ತಲದಲ್ಲಿ ಹೆಚ್ಚಾಗಿ ಕಂಪಿಸುವುದನ್ನು, ತೋರಿಸಿದ್ದರು, ಅದರಿಂದ ಆ ಗ್ರಹಕ್ಕೆ ಬಲವಾದ ಕಾಂತಕ್ಷೇತ್ರವಿದೆಯೆಂದು ತಿಳಿದಿತ್ತು. 1969ರಲ್ಲಿ ವೇಲಾ ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರದ ಧ್ರುವೀಕರಣ ಅಳೆದು, ಅದರ ಮಿಡಿತಗಳು ಕಾಂತಧ್ರುವದಿಂದ ಹೊಮ್ಮುತ್ತವೆಂಬ ವಿವರಣೆ ಕೊಟ್ಟವರಲ್ಲಿ ಅವರೂ ಒಬ್ಬರು.

ಈ ಎರಡು ಸಂಸ್ಥೆಗಳು ಕೂಡಿ ಬೆಂಗಳೂರಿಗೆ ಉತ್ತರದ ಗೌರಿಬಿದನೂರಿನಲ್ಲಿ, ಆಗಿನ ಕೋಲಾರ ಜಿಲ್ಲೆಯಲ್ಲಿ, ರೇಡಿಯೋ ವೀಕ್ಷಣಾಲಯ ಕಟ್ಟಿದವು. 1976ರಿಂದ ಅಲ್ಲಿ ಕೆಲಸ ನಡೆದಿದೆ. ಈಗ ಆ ಊರು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಅದರ ಮುಖ್ಯ ಸಾಧನ ನೋಡಿದವರಿಗೆ ದೂರದರ್ಶಕವೆಂದೇ ಅನಿಸದು. ಬಟ್ಟಲಿಲ್ಲ, ಕನ್ನಡಿಯಿಲ್ಲ. ಸಾವಿರ ಸರಳ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಬಯಲಲ್ಲಿ ನೆಟ್ಟಿದ್ದರು. ಪೂರ್ವ-ಪಶ್ಚಿಮದ ತೋಳು 1.38 ಕಿಲೋಮೀಟರ್, ಅದರಿಂದ ದಕ್ಷಿಣಕ್ಕೆ ಹೊರಟ ತೋಳು 0.45 ಕಿಲೋಮೀಟರ್. ಅದು ಆಲಿಸುತ್ತಿದ್ದ ಆವರ್ತನ 34.5 ಮೆಗಾಹರ್ಟ್ಸ್, ಅಂದರೆ ಸುಮಾರು 8.7 ಮೀಟರ್ ಉದ್ದದ ಅಲೆ. ಆಂಟೆನಾಗಳು ತಿರುಗುವುದಿಲ್ಲ. ತಂತಿಗಳಲ್ಲಿ ಬರುವ ಸಂಕೇತಗಳನ್ನು ತಕ್ಕ ಅಂತರದಿಂದ ತಡಮಾಡಿ ಕೂಡಿಸಿದರೆ ಕಿವಿ ಉತ್ತರಕ್ಕೋ ದಕ್ಷಿಣಕ್ಕೋ ವಾಲುತ್ತದೆ, ಭೂಮಿ ತಿರುಗಿದಂತೆ ಆಕಾಶ ತಾನೇ ಎದುರಿಗೆ ಸಾಗುತ್ತದೆ. ಸಿಎಚ್. ವಿ. ಶಾಸ್ತ್ರಿ ಈ ಕೆಲಸದ ಮುಂದಾಳು. ದೊಡ್ಡ ಬಟ್ಟಲುಗಳ ಯುಗದಲ್ಲಿ ಇಷ್ಟು ಉದ್ದದ ಅಲೆಗಳ ಬೆನ್ನುಹತ್ತಿದ್ದು ಧೈರ್ಯದ ಆಯ್ಕೆ. ಈ ಆವರ್ತನದಲ್ಲಿ ಮೇಲಿನ ಅಯಾನುಗೋಳ ಅಲೆಗಳನ್ನು ಕದಡುತ್ತದೆ, ನೆಲದ ಮೇಲಿನ ರೇಡಿಯೋ ಸಂಪರ್ಕಗಳು ದೂರದೂರದಿಂದ ನುಗ್ಗುತ್ತವೆ, ನಮ್ಮ ಕ್ಷೀರಪಥವೇ ಇಡೀ ಆಕಾಶ ಪ್ರಜ್ವಲಿಸುವಂತೆ ಮಾಡುತ್ತದೆ.

ಇಷ್ಟೆಲ್ಲ ತೊಡಕಿದ್ದರೂ ಗುಚ್ಛಗಳ ವಿಷಯದಲ್ಲಿ ಉದ್ದ ಅಲೆಗೊಂದು ದೊಡ್ಡ ಅನುಕೂಲವಿದೆ. ಎಲೆಕ್ಟ್ರಾನು ಹೆಚ್ಚು ಶಕ್ತಿಯದಾದಷ್ಟೂ ಬೇಗ ಸೋಲುತ್ತದೆ. ಒಂದು ಮೈಕ್ರೊಗೌಸ್ ಕ್ಷೇತ್ರದಲ್ಲಿ 1,400 ಮೆಗಾಹರ್ಟ್ಸಿನ ಅಲೆ ಹೊಮ್ಮಿಸಬಲ್ಲ ಎಲೆಕ್ಟ್ರಾನು ಹತ್ತು ಕೋಟಿ ವರ್ಷಗಳ ಆಸುಪಾಸಿನಲ್ಲಿ ತನ್ನ ಕಸುವು ಕಳೆದುಕೊಳ್ಳುತ್ತದೆ. 34.5 ಮೆಗಾಹರ್ಟ್ಸಿನಲ್ಲಿ ಮಿನುಗುವ ಎಲೆಕ್ಟ್ರಾನಿನ ಬಾಳು ಅದರ ಆರು ಪಟ್ಟು. ಹಾಗಾಗಿ ಗುಚ್ಛದಲ್ಲಿ ಹಳೆಯದಾದ, ದಣಿದ ಎಲೆಕ್ಟ್ರಾನುಗಳನ್ನು, ಅವುಗಳ ಮೂಲಕ ಹಿಂದೆಂದೋ ನಡೆದ ಕ್ಷೋಭೆಯ ಕುರುಹನ್ನು, ಕಾಣಬೇಕಾದರೆ ಕಡಿಮೆ ಆವರ್ತನಕ್ಕೆ ಇಳಿಯಲೇಬೇಕು. ಕೋಮಾದಲ್ಲಿ ಕಂಡಂಥ ಹರಡಿದ ಹೊಳಪುಗಳು, ಅಂದರೆ ಗುಚ್ಛಗಳ ರೇಡಿಯೋ ಪ್ರಭಾವಲಯಗಳು, ಹೆಚ್ಚಿನ ಆವರ್ತನದಲ್ಲಿ ಮಂಕು, ಕಡಿಮೆ ಆವರ್ತನದಲ್ಲಿ ಪ್ರಖರ. 1983ರಲ್ಲಿ ಶಾಸ್ತ್ರಿ ಮತ್ತು ಆರ್. ಕೆ. ಶೇವ್‌ಗಾಂವ್ಕರ್ ಕೆಲವು ಗೆಲಾಕ್ಸಿ ಗುಚ್ಛಗಳನ್ನು 34.5 ಮೆಗಾಹರ್ಟ್ಸಿನಲ್ಲಿ ಅಳೆದ ಫಲಿತಾಂಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಖಭೌತ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಷ್ಟು ಕೆಳಗಿನ ಆವರ್ತನದಲ್ಲಿ ಗುಚ್ಛಗಳನ್ನು ಅಳೆದವರು ಆಗ ಜಗತ್ತಿನಲ್ಲೇ ವಿರಳ. 1990ರಲ್ಲಿ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇದೇ ಸಾಧನದಿಂದ ದಕ್ಷಿಣದ 50 ಡಿಗ್ರಿಯಿಂದ ಉತ್ತರದ 70 ಡಿಗ್ರಿವರೆಗಿನ ಆಕಾಶದ ನಕ್ಷೆ ಹೊರತಂದರು.

ಗೌರಿಬಿದನೂರಿನ ಮಿತಿಯೂ ಸ್ಪಷ್ಟವಿತ್ತು. ನಡುನೆತ್ತಿಯಲ್ಲಿ ಅದರ ನೋಟದ ಅಗಲ 26 ಕಲೆ (ಆರ್ಕ್‌ಮಿನಿಟ್), ಉದ್ದ 42 ಕಲೆ. ಅಂದರೆ ಹುಣ್ಣಿಮೆಯ ಚಂದ್ರಬಿಂಬಕ್ಕಿಂತ ಸಣ್ಣ ವಿವರ ಅದಕ್ಕೆ ಬಿಡಿಯಾಗಿ ಕಾಣದು. ಗುಚ್ಛದ ಪ್ರಭಾವಲಯ, ಅದರೊಳಗಿನ ಒಂದೊಂದು ರೇಡಿಯೋ ಗೆಲಾಕ್ಸಿ ಎಲ್ಲ ಒಂದೇ ಮೊತ್ತವಾಗಿ ಬರುತ್ತವೆ. ಅಲ್ಲದೆ, ಹೊಳಪಿನಿಂದ ಕ್ಷೇತ್ರದ ಬಲ ನೇರವಾಗಿ ಸಿಗುವುದಿಲ್ಲ. ಎಲೆಕ್ಟ್ರಾನುಗಳು ಹೆಚ್ಚಿದ್ದು ಕ್ಷೇತ್ರ ಕಡಿಮೆಯಿದ್ದರೂ, ಎಲೆಕ್ಟ್ರಾನುಗಳು ಕಡಿಮೆಯಿದ್ದು ಕ್ಷೇತ್ರ ಹೆಚ್ಚಿದ್ದರೂ ಹೊಳಪು ಒಂದೇ. ಬಲವನ್ನು ಬೇರ್ಪಡಿಸಿ ಹೇಳಲು ಮೈಕೆಲ್ ಫ್ಯಾರಡೆ 1845ರಲ್ಲಿ ಕಂಡ ವಿದ್ಯಮಾನವೇ ಬೇಕಾಯಿತು. ಧ್ರುವೀಕರಣಗೊಂಡ ಅಲೆ ಕಾಂತಕ್ಷೇತ್ರವಿರುವ ಅನಿಲದ ಮೂಲಕ ಹಾದಾಗ ಅದರ ಕಂಪನದ ತಲ ತಿರುಗುತ್ತದೆ, ಅಲೆಯುದ್ದ ಇಮ್ಮಡಿಯಾದರೆ ತಿರುಗು ನಾಲ್ಮಡಿಯಾಗುತ್ತದೆ. ಗುಚ್ಛದ ಹಿಂದಿರುವ ರೇಡಿಯೋ ಗೆಲಾಕ್ಸಿಯ ಅಲೆ ಹೀಗೆ ಎಷ್ಟು ತಿರುಗಿದೆಯೆಂದು ಅಳೆದು, ಅನಿಲದ ಸಾಂದ್ರತೆಯನ್ನು ಕ್ಷಕಿರಣಗಳಿಂದ ಅಂದಾಜಿಸಿದರೆ ಕ್ಷೇತ್ರದ ಬಲ ಸಿಗುತ್ತದೆ. 1990ರಲ್ಲಿ ಕಿಮ್, ಕ್ರೋನ್‌ಬರ್ಗ್ ಮತ್ತು ಸಂಗಡಿಗರು ಕೋಮಾಕ್ಕೆ ಈ ವಿಧಾನ ಬಳಸಿದರು. 2001ರಲ್ಲಿ ಕ್ಲಾರ್ಕ್, ಕ್ರೋನ್‌ಬರ್ಗ್, ಬೋರಿಂಗರ್ ಹಲವು ಗುಚ್ಛಗಳನ್ನು ಒಟ್ಟಿಗೆ ನೋಡಿ, ಮೈಕ್ರೊಗೌಸ್ ಬಲದ ಕ್ಷೇತ್ರ ಗುಚ್ಛಗಳ ಸಾಮಾನ್ಯ ಗುಣವೆಂದು ತೋರಿಸಿದರು. 2010ರ ಬೊನಾಫೆಡೆ ತಂಡದ ಅಳತೆಯಲ್ಲಿ ಕೋಮಾದ ಕೇಂದ್ರದ ಬಲ 4.7 ಮೈಕ್ರೊಗೌಸ್. ಕ್ಷೇತ್ರದ ದಿಕ್ಕು ಎಲ್ಲೆಡೆ ಒಂದೇ ಇರದೆ ಸಾವಿರಾರು ಜ್ಯೋತಿರ್ವರ್ಷಗಳಿಗೊಮ್ಮೆ ತಿರುತಿರುಗಿ ಸಿಕ್ಕುಸಿಕ್ಕಾಗಿದೆ ಎಂಬುದೂ ಈ ಅಳತೆಗಳಿಂದ ಖಾತ್ರಿಯಾಯಿತು.

ಹುಟ್ಟಿನ ಪ್ರಶ್ನೆಗೆ ಇರುವ ಉತ್ತರಗಳು ಎರಡು ಹೆಜ್ಜೆಗಳಲ್ಲಿ ಬರುತ್ತವೆ. ಮೊದಲು ಎಲ್ಲೋ ಒಂದು ಬೀಜಕ್ಷೇತ್ರ ಹುಟ್ಟಬೇಕು, ಆಮೇಲೆ ಅದು ಬೆಳೆಯಬೇಕು. ಬೀಜಕ್ಕೆ ಅತ್ಯಂತ ಸರಳ ದಾರಿ ತೋರಿಸಿದವರು ಜರ್ಮನಿಯ ಲುಡ್ವಿಗ್ ಬೀರ್‌ಮನ್. ಅವರು 1950ರಲ್ಲಿ ಹೇಳಿದ್ದಿಷ್ಟು: ಅಯಾನುಗೊಂಡ ಅನಿಲದಲ್ಲಿ ತಾಪ ಒಂದು ದಿಕ್ಕಿಗೆ, ಸಾಂದ್ರತೆ ಇನ್ನೊಂದು ದಿಕ್ಕಿಗೆ ಏರುತ್ತಿದ್ದರೆ ಹಗುರವಾದ ಎಲೆಕ್ಟ್ರಾನುಗಳ ಮೇಲಿನ ಒತ್ತಡ ಸರಿತೂಗದೆ ವಿದ್ಯುತ್ತು ಸುತ್ತಿ ಹರಿಯುತ್ತದೆ, ಏನೂ ಇಲ್ಲದಲ್ಲಿ ಕಾಂತಕ್ಷೇತ್ರ ಹುಟ್ಟುತ್ತದೆ. ಇದು ಆದಿಕಾಲದ ವಿಶ್ವದಲ್ಲಿ ಎಲ್ಲಿ ನಡೆದೀತು? 1994ರಲ್ಲಿ ಕಂದಸ್ವಾಮಿ ಸುಬ್ರಮಣಿಯನ್, ಡಿ. ನರಸಿಂಹ, ಎಸ್. ಎಂ. ಚಿತ್ರೆ ಎಂಬ ಮೂವರು ಭಾರತೀಯರು ಇದಕ್ಕೊಂದು ಸಹಜವಾದ ಜಾಗ ತೋರಿಸಿದರು. ಮೊದಲ ಕ್ವೇಸಾರುಗಳ (ಅತಿ ಪ್ರಕಾಶದ ಗೆಲಾಕ್ಸಿ ಕೇಂದ್ರಗಳ), ನಕ್ಷತ್ರಗಳ ಅತಿನೇರಳೆ ಬೆಳಕು ಸುತ್ತಲ ಹೈಡ್ರೋಜನ್ನನ್ನು ಅಯಾನುಗೊಳಿಸುತ್ತ ಮುನ್ನುಗ್ಗಿದಾಗ ಆ ಬೆಳಕಿನ ಅಂಚಿನಲ್ಲಿ ತಾಪ ಹಠಾತ್ತನೆ ಏರುತ್ತದೆ. ಅನಿಲದ ದಟ್ಟ ಮುದ್ದೆಗಳು ಆ ಅಂಚಿಗೆ ಓರೆಯಾಗಿ ಸಿಕ್ಕಿದಲ್ಲೆಲ್ಲ ಬೀರ್‌ಮನ್ ಹೇಳಿದ ಸ್ಥಿತಿ ತಾನಾಗಿ ಒದಗುತ್ತದೆ. ಹೀಗೆ ಹುಟ್ಟುವ ಕ್ಷೇತ್ರ ಅತಿ ಸೂಕ್ಷ್ಮ, ದಶಮಾಂಶ ಬಿಂದುವಿನ ಮುಂದೆ 19 ಸೊನ್ನೆ ಬರೆದು ಆಮೇಲೆ 1 ಬರೆದಷ್ಟು ಗೌಸಿನ ಆಸುಪಾಸು. ಇನ್ನು ಕೆಲವರು ಇನ್ನೂ ಹಿಂದಕ್ಕೆ ಹೋಗುತ್ತಾರೆ. 1988ರಲ್ಲಿ ಟರ್ನರ್ ಮತ್ತು ವಿಡ್ರೋ, ವಿಶ್ವ ಹುಟ್ಟಿದ ಮೊದಲ ಕ್ಷಣದ ಹಿಗ್ಗುವಿಕೆಯಲ್ಲೇ ಬೀಜಕ್ಷೇತ್ರ ಮೂಡಿರಬಹುದೆಂದು ಲೆಕ್ಕ ಹಾಕಿದರು. ಮೂರನೆಯ ದಾರಿಯಲ್ಲಿ ಬೀಜ ಗೆಲಾಕ್ಸಿಗಳಿಂದಲೇ ಬರುತ್ತದೆ: ನಕ್ಷತ್ರಗಳಲ್ಲೂ ಗೆಲಾಕ್ಸಿಗಳಲ್ಲೂ ಬೆಳೆದ ಕ್ಷೇತ್ರವನ್ನು ಸೂಪರ್‌ನೋವಾಗಳ ಬಿರುಗಾಳಿ, ಕಪ್ಪುಕುಳಿಗಳಿಂದ ಚಿಮ್ಮುವ ಕಾರಂಜಿಗಳು ಗುಚ್ಛದ ಬಯಲಿಗೆ ಎರಚುತ್ತವೆ. ಹೀಗೆ ಬಂದ ಬೀಜ ಬೀರ್‌ಮನ್ ಬೀಜಕ್ಕಿಂತ ಎಷ್ಟೋ ಬಲವಾದದ್ದು.

ಬೀರ್‌ಮನ್ ಬೀಜ ಮೈಕ್ರೊಗೌಸ್ ಆಗಬೇಕಾದರೆ ಕೋಟಿಯ ಕೋಟಿ ಪಟ್ಟು ಬೆಳೆಯಬೇಕು. ಇದನ್ನು ಮಾಡುವುದು ಅನಿಲದ ಪ್ರಕ್ಷುಬ್ಧ ಚಲನೆ. ಹಗ್ಗ ಹೊಸೆಯುವವರು ಎಳೆಯನ್ನು ಎಳೆದು, ತಿರುಚಿ, ಮಡಿಸಿ ದಪ್ಪ ಮಾಡುವಂತೆ ಸುಳಿಗಳು ಕಾಂತರೇಖೆಗಳನ್ನು ಎಳೆದು ತಿರುಚಿ ಮಡಿಸುತ್ತವೆ, ಪ್ರತಿ ಸಲವೂ ಕ್ಷೇತ್ರ ಸುಮಾರು ಇಮ್ಮಡಿಯಾಗುತ್ತದೆ. ಇಂಥ ಡೈನಮೋದ ಗಣಿತವನ್ನು 1968ರಲ್ಲಿ ರಷ್ಯದ ಕಜಂತ್ಸೆವ್ ಕೊಟ್ಟರು. ಕೋಟಿಯ ಕೋಟಿ ಪಟ್ಟಿಗೆ ಬೇಕಾಗುವುದು 47 ಇಮ್ಮಡಿಗಳು ಮಾತ್ರ. ಗುಚ್ಛದ ದೊಡ್ಡ ಸುಳಿಯೊಂದು ಒಂದು ಸುತ್ತು ಬರಲು ಸುಮಾರು 30 ಕೋಟಿ ವರ್ಷ ಬೇಕು. ಅಂಥ ಸುಳಿಗಳನ್ನೇ ನಂಬಿದರೆ 1,400 ಕೋಟಿ ವರ್ಷ ಹಿಡಿಯುತ್ತದೆ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಆದರೆ ಸುಳಿ ಸಣ್ಣದಾದಂತೆ ಬೇಗ ತಿರುಗುತ್ತದೆ, ಕ್ಷೇತ್ರವನ್ನು ಬೆಳೆಸುವ ಕೆಲಸ ಮುಖ್ಯವಾಗಿ ಆ ಸಣ್ಣ ಸುಳಿಗಳದ್ದು. ಈ ಲೆಕ್ಕವನ್ನು ಗುಚ್ಛಗಳ ಬಾಳಿಗೆ ಕೂಡಿಸಿದ ಮುಖ್ಯ ಕೆಲಸಗಳಲ್ಲೊಂದು, ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದಲ್ಲಿದ್ದ ಸುಬ್ರಮಣಿಯನ್ ಅವರು ಶುಕುರೋವ್ ಮತ್ತು ಹೌಗನ್ ಜೊತೆ 2006ರಲ್ಲಿ ಪ್ರಕಟಿಸಿದ ಪ್ರಬಂಧ. ಗುಚ್ಛಗಳು ಸಣ್ಣ ಕೂಟಗಳನ್ನು ನುಂಗುತ್ತ ಬೆಳೆಯುವ ಕಾಲದಲ್ಲಿ ಪ್ರಕ್ಷುಬ್ಧತೆ ಏಳುತ್ತದೆ, ಕ್ಷೇತ್ರ ಬಲಿಯುತ್ತದೆ. ವಿಲೀನ ಮುಗಿದ ಮೇಲೆ ಸುಳಿಗಳು ಮೆಲ್ಲನೆ ಅಡಗುತ್ತವೆ, ಕ್ಷೇತ್ರವೂ ಕುಗ್ಗುತ್ತದೆ. ಆದರೂ ಅದು ಪೂರ್ತಿ ಅಳಿಯದು. ಬೆಳವಣಿಗೆಗೂ ಮಿತಿಯಿದೆ: ಕ್ಷೇತ್ರದ ಶಕ್ತಿ ಸುಳಿಗಳ ಚಲನಶಕ್ತಿಯ ಗಣನೀಯ ಪಾಲನ್ನು ತಲುಪಿದಾಗ ಕಾಂತರೇಖೆಗಳು ಎಳೆತಕ್ಕೆ ಎದುರು ನಿಲ್ಲುತ್ತವೆ. ಆ ಮಿತಿ ಮೈಕ್ರೊಗೌಸಿನ ಸುತ್ತಮುತ್ತಲೇ ಬರುತ್ತದೆ.

ವಿಲೀನವೇ ಡೈನಮೋವನ್ನು ತಿರುಗಿಸುತ್ತದೆ ಎಂಬುದಕ್ಕೆ ರೇಡಿಯೋ ಆಕಾಶ ಪುರಾವೆ ಕೊಟ್ಟಿದೆ. ದೊಡ್ಡ ಪ್ರಭಾವಲಯಗಳು ಕಾಣುವುದು ಬಹುಪಾಲು ಇತ್ತೀಚೆಗೆ ಡಿಕ್ಕಿಯಾದ ಗುಚ್ಛಗಳಲ್ಲಿ, ಶಾಂತವಾದ ಗುಚ್ಛಗಳಲ್ಲಿ ಅವು ವಿರಳ. ಡಿಕ್ಕಿಯ ಆಘಾತ ತರಂಗ ಹೊರಗೆ ಸಾಗಿದಲ್ಲಿ ಗುಚ್ಛದ ಅಂಚಿನಲ್ಲಿ ಬಿಲ್ಲಿನಂಥ ರೇಡಿಯೋ ಅವಶೇಷಗಳು ಮೂಡುತ್ತವೆ. 2006ರಲ್ಲಿ ಜಾಯ್‌ದೀಪ್ ಬಾಗ್ಚಿ ಮತ್ತು ಸಂಗಡಿಗರು ಏಬೆಲ್ 3376 ಗುಚ್ಛದ ಎರಡು ಬದಿಗೂ ಅಂಥ ಬೃಹತ್ ಕಮಾನುಗಳನ್ನು ಕಂಡರು. ಇಷ್ಟರಲ್ಲಿ ಗೌರಿಬಿದನೂರಿನ ಮಸುಕು ನೋಟಕ್ಕಿಂತ ಬಹಳ ಚುರುಕಾದ ಸಾಧನ ನೆರೆಯ ಮಹಾರಾಷ್ಟ್ರದಲ್ಲಿ ಬಂದಿತ್ತು. ಗೋವಿಂದ ಸ್ವರೂಪ್ ನೇತೃತ್ವದಲ್ಲಿ ಪುಣೆ ಬಳಿಯ ಖೋಡದ್‌ನಲ್ಲಿ ಕಟ್ಟಿದ ಜಿಎಂಆರ್‌ಟಿ ಅದು. 45 ಮೀಟರ್ ಅಗಲದ 30 ಬಟ್ಟಲುಗಳಿರುವ ಈ ದೂರದರ್ಶಕದ 1,000ದಿಂದ 1,450 ಮೆಗಾಹರ್ಟ್ಸಿನ ಗ್ರಾಹಕಗಳು ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಗೌರಿಬಿದನೂರಿನ ನಕ್ಷೆ ಮಾಡಿದ್ದ ದ್ವಾರಕಾನಾಥ್ ಮುಂದೆ ರೂತಾ ಕಾಳೆ ಮೊದಲಾದವರೊಡನೆ ಜಿಎಂಆರ್‌ಟಿಯನ್ನು ಗುಚ್ಛಗಳತ್ತ ತಿರುಗಿಸಿದರು. 2010ರಲ್ಲಿ ಏಬೆಲ್ 2256ರ ಹರಡಿದ ಹೊಳಪಿನ ಅಧ್ಯಯನ, 2011ರಲ್ಲಿ ದೂರದ ಭಾರಿ ಗುಚ್ಛವೊಂದರಲ್ಲಿ ಹೊಸ ಪ್ರಭಾವಲಯದ ಶೋಧ, 2018ರಲ್ಲಿ ಸಮೀಪದ ಸಣ್ಣ ಗುಚ್ಛ ಏಬೆಲ್ 168ರಲ್ಲಿ ಜೋಡಿ ಅವಶೇಷಗಳು ಈ ಕೆಲಸದ ಫಲ. ಈ ನಡುವೆ ಗೌರಿಬಿದನೂರು ತನ್ನ ಗಮನವನ್ನು ಹೆಚ್ಚಾಗಿ ಸೂರ್ಯನಿಗೆ ಕೊಟ್ಟಿತು. 1997ರಲ್ಲಿ ಕೆಲಸಕ್ಕಿಳಿದ ಅಲ್ಲಿನ ಸೌರ ರೇಡಿಯೋ ಚಿತ್ರಕ ಇಂದು ಸೂರ್ಯನ ಪ್ರಭೆಯ ಕಾಂತಕ್ಷೇತ್ರವನ್ನು ಅಂದಾಜು ಮಾಡಲು ನೆರವಾಗುತ್ತಿದೆ.

ಡೈನಮೋ ಗುಚ್ಛದ ಕಾಂತಕ್ಷೇತ್ರವನ್ನು ಚೆನ್ನಾಗಿ ವಿವರಿಸುತ್ತದೆ, ಆದರೆ ಅದರ ಹುಟ್ಟನ್ನು ಮರೆಮಾಡುತ್ತದೆ. ಬೀಜ ಎಷ್ಟೇ ಬಲದ್ದಿರಲಿ, ಯಾವ ಮೂಲದ್ದಿರಲಿ, ಸುಳಿಗಳು ಕಲಕಿದ ಮೇಲೆ ಬರುವ ಫಲ ಸುಮಾರು ಒಂದೇ. ಹಾಗಾಗಿ ಗುಚ್ಛದ ನಟ್ಟನಡುವೆ ಎಷ್ಟೇ ನಿಖರವಾಗಿ ಅಳೆದರೂ ಬೀಜ ಯಾವುದೆಂದು ನಿರ್ಧರಿಸಲಾಗದು. ಉತ್ತರ ಇರುವುದು ಕಲಕದ ಜಾಗಗಳಲ್ಲಿ. 2010ರಲ್ಲಿ ನೆರೊನೊವ್ ಮತ್ತು ವೊವ್ಕ್ ಗಾಮಾ ಕಿರಣಗಳ ಆಧಾರದ ಮೇಲೆ, ಗೆಲಾಕ್ಸಿಗಳಿಲ್ಲದ ವಿಶಾಲ ಶೂನ್ಯಗಳಲ್ಲೂ ಕನಿಷ್ಠ ಗೌಸಿನ ಕೋಟಿಯ ಕೋಟಿಯಲ್ಲೊಂದು ಪಾಲಿನ ನೂರರಲ್ಲಿ ಕೆಲವು ಭಾಗದಷ್ಟು ಕ್ಷೇತ್ರ ಇರಬೇಕೆಂದು ವಾದಿಸಿದರು. ಬೀರ್‌ಮನ್ ಬೀಜಕ್ಕಿಂತ ಇದು ಬಹಳ ದೊಡ್ಡದು, ಆದಿವಿಶ್ವದ ಮೂಲವನ್ನು ಒಪ್ಪುವವರಿಗೆ ಇದು ಬಲವಾದ ಆಸರೆ. ಇನ್ನೊಂದು ಬದಿಯಲ್ಲಿ, ವಿಶ್ವದ ಆದಿಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹ ಆದಿಕ್ಷೇತ್ರ ಕೆಲವು ನ್ಯಾನೊಗೌಸ್ ಮೀರಿರಲಾರದೆಂದು ಮೇಲ್ಮಿತಿ ಹಾಕಿದೆ. 2019ರಲ್ಲಿ ಯುರೋಪಿನ ಲೋಫಾರ್ ಆಂಟೆನಾಗಳು ಏಬೆಲ್ 399 ಮತ್ತು 401 ಗುಚ್ಛಗಳ ನಡುವಿನ ಸೇತುವೆಯಂಥ ಎಳೆಯಲ್ಲೂ ರೇಡಿಯೋ ಹೊಳಪು ಕಂಡವು. 2021ರಲ್ಲಿ ಅದೇ ಲೋಫಾರಿನಿಂದ ಡಿ ಜೆನ್ನಾರೊ ತಂಡ, ವಿಶ್ವ ಈಗಿನ ವಯಸ್ಸಿನ ಅರ್ಧದಷ್ಟಿದ್ದಾಗಿನ ಗುಚ್ಛಗಳಲ್ಲೂ ಇಂದಿನಷ್ಟೇ ಬಲದ ಕ್ಷೇತ್ರಗಳಿದ್ದವೆಂದು ತೋರಿಸಿತು. ಬೆಳವಣಿಗೆ ಬಹಳ ಬೇಗ ನಡೆದಿರಬೇಕು, ಇಲ್ಲವೆ ಬೀಜ ಬಲವಾಗಿಯೇ ಇದ್ದಿರಬೇಕು.

ಲೋಫಾರ್ ಕೂಡ ಬಯಲಲ್ಲಿ ನೆಟ್ಟ ಸರಳ ಆಂಟೆನಾಗಳ ಸಮೂಹ. ಗೌರಿಬಿದನೂರು 1970ರ ದಶಕದಲ್ಲಿ ಹಿಡಿದ ದಾರಿಗೇ, ಗಣಕಗಳ ಬಲದೊಂದಿಗೆ, ಜಗತ್ತು ಮರಳಿದೆ. ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಬಯಲಿನ ಆಂಟೆನಾ ಸಮೂಹಕ್ಕೆ ಡಿಜಿಟಲ್ ಗ್ರಾಹಕಗಳನ್ನು ವಿನ್ಯಾಸಗೊಳಿಸಿದ್ದು ರಾಮನ್ ಸಂಶೋಧನಾ ಸಂಸ್ಥೆ. ಅದೇ ಬಯಲಲ್ಲಿ ಈಗ ಏಳುತ್ತಿರುವ ಸ್ಕ್ವೇರ್ ಕಿಲೋಮೀಟರ್ ಅರೇಯ ಕಡಿಮೆ ಆವರ್ತನದ ಭಾಗದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಂಟೆನಾಗಳಿರುತ್ತವೆ. ಈ ಯೋಜನೆಯಲ್ಲಿ ಭಾರತದ ಪಾಲಿಗೆ ಸರ್ಕಾರದ ಮಂಜೂರಾತಿ ದೊರೆತಿದೆ. ಗುಚ್ಛಗಳ ನಡುವಿನ ಎಳೆಗಳಲ್ಲಿ, ಶೂನ್ಯಗಳ ಅಂಚಿನಲ್ಲಿ ಫ್ಯಾರಡೆ ತಿರುಗನ್ನು ದೊಡ್ಡ ಸಂಖ್ಯೆಯಲ್ಲಿ ಅಳೆಯುವುದು ಅದರ ಘೋಷಿತ ಗುರಿಗಳಲ್ಲೊಂದು.